ಕಿಲೋಗೆ ಎಷ್ಟೆಂದು ಕಣ್ಣಿಗೆ ಕಾಣುವಂತೆ ಬರೆಸಿ: ಸಚಿವರಿಗೊಂದು ಬಹಿರಂಗ ಪತ್ರ

ಗ್ರಾಹಕ ವ್ಯವಹಾರಗಳ ಖಾತೆಯ ಮಾನ್ಯ ಸಚಿವರಿಗೆ,

ಗೌರವಪೂರ್ವಕ ವಂದನೆಗಳು.

ಮನೆಗೆ ದಿನಸಿ ತರುವ ಪ್ರತಿಯೊಬ್ಬರನ್ನೂ ತಟ್ಟುವ, ಆದರೆ ಸಣ್ಣದೆಂದು ಬದಿಗೆ ಸರಿದುಬಿಡುವ ವಿಷಯವೊಂದನ್ನು ತಮ್ಮ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ. ಪೊಟ್ಟಣದ ಬೆಲೆ ಇದ್ದಂತೆಯೇ ಇರುತ್ತದೆ, ಬಣ್ಣವೂ ಚಿತ್ರವೂ ಇದ್ದಂತೆಯೇ ಇರುತ್ತವೆ, ಒಳಗಿನ ಪದಾರ್ಥ ಮಾತ್ರ ಕಡಿಮೆಯಾಗಿರುತ್ತದೆ. ಕೊಳ್ಳುವವರಿಗೆ ಇದು ಗೊತ್ತಾಗುವಂತೆ ಮಾಡುವ ಕೆಲಸ ತಮ್ಮ ಖಾತೆಯಿಂದ ಆಗಬೇಕೆಂಬುದು ನನ್ನ ಮನವಿ.

500 ಗ್ರಾಂ ಇದ್ದ ಪೊಟ್ಟಣ ಅದೇ ಬೆಲೆಗೆ 450 ಗ್ರಾಂ ಆದರೆ ಪದಾರ್ಥ ಶೇ. 10ರಷ್ಟು ಕಡಿಮೆಯಾಯಿತು ಎಂದು ನಾವು ಎಣಿಸುತ್ತೇವೆ. ಆದರೆ ಕಿಲೋ ಲೆಕ್ಕದಲ್ಲಿ ಬೆಲೆ ಏರಿದ್ದು ಶೇ. 11ಕ್ಕೂ ತುಸು ಹೆಚ್ಚು. 200 ಗ್ರಾಂ ಇದ್ದದ್ದು 160ಕ್ಕೆ ಇಳಿದರೆ ಏರಿಕೆ ಶೇ. 25. ಇಷ್ಟು ಏರಿಕೆಯನ್ನು ಬೆಲೆಪಟ್ಟಿಯಲ್ಲಿ ನೇರವಾಗಿ ತೋರಿಸಿದ್ದರೆ ಜನ ನಿಂತು ಯೋಚಿಸುತ್ತಿದ್ದರು, ಬೇರೆ ತಯಾರಕರ ಸರಕು ನೋಡುತ್ತಿದ್ದರು, ಅಥವಾ ಆ ತಿಂಗಳು ಕೊಳ್ಳದೆ ಬಿಡುತ್ತಿದ್ದರು. ನಿವ್ವಳ ತೂಕವನ್ನು ಮುಚ್ಚಿಟ್ಟಿಲ್ಲ, ಪೊಟ್ಟಣದ ಮೇಲೆ ಅಚ್ಚು ಹಾಕಿಯೇ ಇದೆ ಎಂದು ತಯಾರಕರು ಹೇಳಬಹುದು. ಅದು ನಿಜವೂ ಹೌದು. ಆದರೆ ಹಿಂದೆ ಅಲ್ಲಿ ಯಾವ ಅಂಕಿ ಇತ್ತು ಎಂಬುದು ಈಗಿನ ಪೊಟ್ಟಣದ ಮೇಲೆ ಇರುವುದಿಲ್ಲ, ಹಳೆಯ ಪೊಟ್ಟಣ ಕಸಕ್ಕೆ ಹೋಗಿ ಎಷ್ಟೋ ದಿನವಾಗಿರುತ್ತದೆ. ಕಚ್ಚಾ ಸಾಮಗ್ರಿ, ಇಂಧನ, ಸಾಗಣೆ ಇವೆಲ್ಲದರ ಖರ್ಚು ಏರುವುದು ಉಂಟು, ಆಗ ಬೆಲೆಯನ್ನೂ ಏರಿಸಬೇಕಾದೀತು ಎಂಬುದನ್ನು ನಾನು ಒಪ್ಪುತ್ತೇನೆ. ನನ್ನ ಆಕ್ಷೇಪ ಏರಿಕೆಯ ಬಗ್ಗೆ ಅಲ್ಲ, ಅದನ್ನು ಕೊಳ್ಳುವವರ ಕಣ್ಣು ತಪ್ಪಿಸಿ ಮಾಡುವುದರ ಬಗ್ಗೆ.

ತೂಕ ಇಳಿಯದ ಸರಕುಗಳಲ್ಲಿಯೂ ಹೋಲಿಕೆ ಸುಲಭವಲ್ಲ. ಒಂದು ಪೊಟ್ಟಣ 400 ಗ್ರಾಂ, ಪಕ್ಕದ್ದು 425, ಅದರಾಚೆಯದು 475 ಆಗಿದ್ದರೆ, ಯಾವುದು ಅಗ್ಗ ಎಂದು ಅಂಗಡಿಯಲ್ಲಿ ನಿಂತಲ್ಲೇ ಭಾಗಾಕಾರ ಮಾಡಿ ನೋಡುವವರು ಎಷ್ಟು ಜನ? ಅಡುಗೆ ಎಣ್ಣೆಯಲ್ಲಂತೂ ಒಬ್ಬರು ಲೀಟರಿನಲ್ಲಿ, ಇನ್ನೊಬ್ಬರು ಗ್ರಾಂನಲ್ಲಿ ಅಳತೆ ಹೇಳಿದರೆ ಲೆಕ್ಕವೇ ಕೈಗೆ ಸಿಗುವುದಿಲ್ಲ. ಎಣ್ಣೆ ನೀರಿಗಿಂತ ಹಗುರ. ಸಾಮಾನ್ಯ ಉಷ್ಣತೆಯಲ್ಲಿ ಒಂದು ಲೀಟರ್ ಎಣ್ಣೆ ಸುಮಾರು 910ರಿಂದ 920 ಗ್ರಾಂ ತೂಗುತ್ತದೆ, ಬಿಸಿಯಾದಷ್ಟೂ ಹಿಗ್ಗುವುದರಿಂದ ಅದೇ ಒಂದು ಲೀಟರಿನ ತೂಕ ಇನ್ನೂ ಇಳಿಯುತ್ತದೆ. ದೊಡ್ಡ ಪೊಟ್ಟಣ ಕೊಂಡರೆ ಯಾವಾಗಲೂ ಉಳಿತಾಯ ಎಂಬ ನಂಬಿಕೆಯೂ ಎಲ್ಲ ಕಡೆ ನಿಲ್ಲುವುದಿಲ್ಲ. ಲೆಕ್ಕ ಹಾಕಿದರೆ ಎರಡು ಚಿಕ್ಕವೇ ಅಗ್ಗವಾಗಿರುವ ಸಂದರ್ಭಗಳೂ ಇವೆ. ದಿನಗೂಲಿಯಲ್ಲಿ ಬದುಕುವವರು ಅಂದಂದಿಗೆ ಬೇಕಾದಷ್ಟನ್ನೇ ಚಿಕ್ಕ ಪೊಟ್ಟಣದಲ್ಲಿ ಕೊಳ್ಳುತ್ತಾರೆ, ಆದ್ದರಿಂದ ಈ ಲೆಕ್ಕ ಸಿಗದೆ ಹೆಚ್ಚು ನಷ್ಟವಾಗುವುದು ಅವರಿಗೇ.

ಇದಕ್ಕೆ ಪರಿಹಾರ ಹೊಸದೇನಲ್ಲ. ಯೂರೋಪಿಯನ್ ಒಕ್ಕೂಟ 1998ರಲ್ಲಿಯೇ ಹೊರಡಿಸಿದ ನಿರ್ದೇಶನದ ಪ್ರಕಾರ ಸರಕಿನ ಮಾರಾಟ ಬೆಲೆಯ ಜೊತೆಗೆ ಕಿಲೋ ಅಥವಾ ಲೀಟರ್ ಲೆಕ್ಕದ ಏಕಮಾನ ಬೆಲೆಯನ್ನೂ ಸ್ಪಷ್ಟವಾಗಿ ಓದಲು ಬರುವಂತೆ ತೋರಿಸಬೇಕು. ಆಸ್ಟ್ರೇಲಿಯಾ 2009ರಲ್ಲಿ ದೊಡ್ಡ ದಿನಸಿ ಮಳಿಗೆಗಳಿಗೆ ಇದನ್ನು ಕಡ್ಡಾಯ ಮಾಡಿತು. ತೂಕ ಇಳಿಸುವ ಅಭ್ಯಾಸದ ವಿಷಯದಲ್ಲಿ ಕೆಲವು ದೇಶಗಳು ಇನ್ನೂ ಮುಂದೆ ಹೋಗಿವೆ. ಫ್ರಾನ್ಸಿನಲ್ಲಿ 2024ರ ಜುಲೈ 1ರಿಂದ, 400 ಚದರ ಮೀಟರಿಗಿಂತ ದೊಡ್ಡದಾದ ಅಂಗಡಿಗಳು, ಪ್ರಮಾಣ ಇಳಿದು ಏಕಮಾನ ಬೆಲೆ ಏರಿರುವ ಸರಕಿನ ಹತ್ತಿರವೇ ಆ ಸಂಗತಿಯನ್ನು ಎರಡು ತಿಂಗಳ ಕಾಲ ಬರೆದು ಹಾಕಬೇಕು. ಅದೇ ವರ್ಷದ ಆಗಸ್ಟಿನಿಂದ ದಕ್ಷಿಣ ಕೊರಿಯಾ ಈ ಹೊಣೆಯನ್ನು ತಯಾರಕರ ಮೇಲೆ ಹೊರಿಸಿದೆ: ಪ್ರಮಾಣ ಇಳಿಸಿದವರು ಪೊಟ್ಟಣದ ಮೇಲೋ ತಮ್ಮ ಜಾಲತಾಣದಲ್ಲೋ ಮಾರುವ ಜಾಗದಲ್ಲೋ ಅದನ್ನು ಮೂರು ತಿಂಗಳು ತಿಳಿಸಬೇಕು, ತಪ್ಪಿದರೆ ದಂಡ. ಇವೆರಡರಲ್ಲಿ ಕೊರಿಯಾದ ಕ್ರಮವೇ ನ್ಯಾಯವೆಂದು ನನಗೆ ಅನ್ನಿಸುತ್ತದೆ. ತೂಕ ಯಾವಾಗ, ಎಷ್ಟು ಇಳಿಯಿತೆಂಬುದು ಮೊದಲು ಗೊತ್ತಿರುವುದು ಅದನ್ನು ಇಳಿಸಿದವರಿಗೆ. ಸಾವಿರಾರು ಬಗೆಯ ಸರಕು ಮಾರುವ ಅಂಗಡಿಯವರು ಅದನ್ನು ಪತ್ತೆಹಚ್ಚುತ್ತ ಕೂರಬೇಕೆಂದು ಹೇಳುವುದು ಸರಿಯಲ್ಲ. ಆದರೆ ಜಾಲತಾಣದಲ್ಲಿ ಪ್ರಕಟಿಸಿದರೆ ಸಾಕೆಂಬ ವಿನಾಯಿತಿ ಮಾತ್ರ ಬೇಡ. ಉಪ್ಪು, ಸಕ್ಕರೆ ಕೊಳ್ಳುವ ಮೊದಲು ತಯಾರಕರ ಜಾಲತಾಣ ನೋಡುವವರು ಯಾರೂ ಇಲ್ಲ.

ಏಕಮಾನ ಬೆಲೆ ಬರೆದು ಹಾಕುವುದು ಸಣ್ಣ ಅಂಗಡಿಗಳಿಗೆ ಹೊರೆಯಾಗುತ್ತದೆ ಎಂಬ ಮಾತು ಖಂಡಿತ ಬರುತ್ತದೆ, ಮತ್ತು ಅದನ್ನು ತಳ್ಳಿಹಾಕಬಾರದು. ಒಬ್ಬರೇ ನಡೆಸುವ ಅಂಗಡಿಯಲ್ಲಿ ಪ್ರತಿ ಸರಕಿಗೂ ಚೀಟಿ ಅಂಟಿಸಲು ಯಾರಿಗೆ ಪುರಸೊತ್ತು? ಯೂರೋಪಿನ ನಿರ್ದೇಶನವೂ ಇಂಥ ಅಂಗಡಿಗಳಿಗೆ ವಿನಾಯಿತಿ ಕೊಡಲು ಅವಕಾಶ ಇಟ್ಟಿದೆ, ಆಸ್ಟ್ರೇಲಿಯಾದ ನಿಯಮ ಅವುಗಳನ್ನು ಒಳಗೊಳ್ಳುವುದೇ ಇಲ್ಲ. ಬೆಲೆಚೀಟಿಯನ್ನು ಹೇಗೂ ಕಂಪ್ಯೂಟರಿನಲ್ಲೇ ಮುದ್ರಿಸುವ ದೊಡ್ಡ ಮಳಿಗೆಗಳಿಂದ ಮತ್ತು ಮನೆಗೆ ದಿನಸಿ ತಲುಪಿಸುವ ಮೊಬೈಲ್ ಆ್ಯಪ್‌ಗಳಿಂದ ಆರಂಭಿಸಿದರೆ ಸಾಕು.

ಏಕಮಾನ ಬೆಲೆಯ ಬಗ್ಗೆ ತಾವು ಹೊರಡಿಸುವ ನಿಯಮದಲ್ಲಿ ಅಕ್ಷರದ ಗಾತ್ರವನ್ನು ದಯವಿಟ್ಟು ಬಿಡದೆ ಸೇರಿಸಬೇಕು. ಏಕಮಾನ ಬೆಲೆಯನ್ನು ಅಚ್ಚು ಹಾಕಿಯೂ ಹಾಕದಂತೆ ಮಾಡುವುದು ಬಹಳ ಸುಲಭ: ಪೊಟ್ಟಣದ ಹಿಂಬದಿಯ ಮಡಿಕೆಯಲ್ಲಿ ತಿಳಿಬೂದು ಬಣ್ಣದ ಪುಟ್ಟ ಅಂಕಿಯಾಗಿ ಅದು ಕುಳಿತಿದ್ದರೆ, ಕನ್ನಡಕದ ವಯಸ್ಸಿನವರಿಗೆ ಇದ್ದೂ ಇಲ್ಲದಂತೆಯೇ. ಮಾರಾಟ ಬೆಲೆಯ ಪಕ್ಕದಲ್ಲೇ, ಅದರ ಅರ್ಧಕ್ಕಿಂತ ಚಿಕ್ಕದಲ್ಲದ ಅಂಕಿಯಲ್ಲಿ ಅದು ಇರಲಿ. ಒಂದೇ ಬಗೆಯ ಸರಕಿಗೆ ಎಲ್ಲರೂ ಒಂದೇ ಅಳತೆ ಬಳಸಲಿ. ಒಬ್ಬರು 100 ಗ್ರಾಂ ಲೆಕ್ಕ, ಇನ್ನೊಬ್ಬರು ಕಿಲೋ ಲೆಕ್ಕ ಕೊಡುವುದಾದರೆ ಹೋಲಿಕೆ ಮತ್ತೆ ಮೊದಲಿನ ತೊಡಕಿಗೇ ಬರುತ್ತದೆ. ಪ್ರಮಾಣ ಇಳಿಸಿದ ತಯಾರಕರು ಹಳೆಯ ತೂಕ ಮತ್ತು ಹೊಸ ತೂಕ ಎರಡನ್ನೂ ಪೊಟ್ಟಣದ ಮುಂಭಾಗದಲ್ಲಿ ಕನಿಷ್ಠ ಮೂರು ತಿಂಗಳು ನಮೂದಿಸಲಿ. ತಕ್ಕಡಿ, ತೂಕದ ಬಟ್ಟುಗಳನ್ನು ಪರೀಕ್ಷಿಸಲು ಅಂಗಡಿಗಳಿಗೆ ಹೋಗುವ ತೂಕ ಮತ್ತು ಅಳತೆಯ ಅಧಿಕಾರಿಗಳೇ ಅದೇ ಭೇಟಿಯಲ್ಲಿ ಈ ಚೀಟಿಗಳನ್ನೂ ನೋಡಿ ಬರಬಹುದು. ಬೇರೆ ಇಲಾಖೆಯನ್ನು ಕಟ್ಟಬೇಕಾಗಿಲ್ಲ. ಕರಡು ನಿಯಮವನ್ನು ಸಾರ್ವಜನಿಕರ ಅಭಿಪ್ರಾಯಕ್ಕೆ ಬಿಡುವಾಗ ತಯಾರಕರ ಸಂಘಗಳನ್ನು ಕರೆದಂತೆ ಮನೆಯ ದಿನಸಿ ತರುವ ಜನರನ್ನೂ ಕರೆದು ಕೇಳಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಗ್ರಾಹಕ