ಸೊಪ್ಪು ಕೊಳೆಯದ ನೆಲ

ತುಲ್ಲಮೋರ್, ಐರ್ಲೆಂಡ್
ಜೂನ್ 14

ಅಪ್ಪ, ಆಯಿ, ನಮಸ್ಕಾರ.

ಫೋನಲ್ಲಿ ಹೇಳಲು ಹೊರಟರೆ ಅಪ್ಪ ಅರ್ಧಕ್ಕೇ ಅಡಿಕೆ ರೇಟಿಗೆ ಹಾರಿಬಿಡುತ್ತಾನೆ, ಅದಕ್ಕೇ ಬರೆಯುತ್ತಿದ್ದೇನೆ.

ಭಾನುವಾರ ಇಲ್ಲೇ ಹತ್ತಿರದ ಕ್ಲಾರಾ ಬಾಗ್‌ಗೆ ಹೋಗಿದ್ದೆ. ಬಾಗ್ ಅಂದರೆ ತೋಟ ಅಲ್ಲ (ಲಾಲ್‌ಬಾಗ್ ನೆನಪಾಗಿ ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ), ಒಂಥರಾ ಜಡ್ಡಿ, ಸದಾ ನೀರು ನಿಂತಿರುವ ಜೌಗು ನೆಲ. ಆದರೆ ನಮ್ಮ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯ ಹಾಗೆ ತಲೆ ಮೇಲೆ ಮರ ಇಲ್ಲ, ಮಂಡಿ ಮಡಚಿ ಕೂತಂಥ ಬೇರುಗಳೂ ಇಲ್ಲ. ಬರೀ ಬಯಲು. ಕಂದು ಹುಲ್ಲು, ಕಪ್ಪು ನೀರಿನ ಗುಂಡಿ, ಅಲ್ಲಲ್ಲಿ ಬೂರುಗದ ಹತ್ತಿ ಹಾರಿ ಬಂದು ಸಿಕ್ಕಿಕೊಂಡ ಹಾಗೆ ಬಿಳಿ ಕುಚ್ಚು.

ನೆಲ ಪೂರ್ತಿ ಸ್ಫ್ಯಾಗ್ನಮ್ ಅನ್ನೋ ಪಾಚಿ. ಹಲಗೆ ದಾರಿಯಿಂದಲೇ ಬಗ್ಗಿ ಅಂಗೈಯಲ್ಲಿ ಒತ್ತಿದೆ. ಬೆರಳ ಸಂದಿಯಲ್ಲಿ ನೀರು ಉಕ್ಕಿತು, ಕೈ ತೆಗೆದರೆ ಮತ್ತೆ ಒಳಗೆ! ಒಣಗಿದಾಗಿನ ತನ್ನ ತೂಕದ 20 ಪಟ್ಟು ನೀರನ್ನು ಹಿಡಿದಿಡುತ್ತದೆ.

ಅಪ್ಪ, ನಿನಗೆ ಹೇಳಬೇಕಾದ್ದು ಇದು. ನೀನು ವರ್ಷವಿಡೀ ಬೆಟ್ಟದ ಸೊಪ್ಪು ತಂದು ಗೊಬ್ಬರಗುಂಡಿಯಲ್ಲಿ ಕೊಳೆಸುತ್ತೀಯಲ್ಲ, ಇಲ್ಲಿ ಅದು ನಡೆಯುವುದೇ ಇಲ್ಲ. ನೀರು ನಿಂತು ಒಳಗೆ ಗಾಳಿ ಆಡುವುದಿಲ್ಲ, ಜೊತೆಗೆ ಆ ಪಾಚಿಯೇ ನೀರನ್ನು ಹುಳಿ ಮಾಡಿಬಿಡುತ್ತದೆ, ಹಾಗಾಗಿ ಸತ್ತ ಪಾಚಿ ಅರೆಬರೆ ಕೊಳೆತು ಪದರ ಪದರವಾಗಿ ಕೂರುತ್ತದೆ, ವರ್ಷಕ್ಕೆ ಸುಮಾರು 1 ಮಿಲಿಮೀಟರ್. ಒಂದು ಮೀಟರ್ ಅಗೆದರೆ ಸಾವಿರ ವರ್ಷ ಕೆಳಗೆ ಇಳಿದ ಹಾಗೆ. 2003ರಲ್ಲಿ ಇದೇ ಜಿಲ್ಲೆಯ ಬಾಗಿನಲ್ಲಿ 2,000 ವರ್ಷಕ್ಕಿಂತ ಹಳೆಯ ಹೆಣ ಸಿಕ್ಕಿತ್ತು. ಡಬ್ಲಿನ್ ಮ್ಯೂಸಿಯಂನಲ್ಲಿ ನೋಡಿದೆ. ಉಗುರು ಕೂಡ ಹಾಗೇ ಇದೆ. ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಗೊಬ್ಬರವೇ ಇಲ್ಲದ ನೆಲದಲ್ಲಿ ಗಿಡ ಏನು ತಿನ್ನಬೇಕು? ಒಂದು ಪುಟ್ಟ ಗಿಡ ನೊಣ ಹಿಡಿಯುತ್ತದೆ. ಎಲೆ ನಾಲ್ಕಾಣೆಗಿಂತ ಚಿಕ್ಕದು, ಸುತ್ತ ಕೆಂಪು ಕೂದಲು, ತುದಿಯಲ್ಲಿ ಅಂಟಿನ ಹನಿ. ನಾನು ನೋಡುವಾಗ ಒಂದು ಗುಂಗುರು ಕಾಲು ಅಂಟಿಸಿಕೊಂಡು ಒದ್ದಾಡುತ್ತಿತ್ತು. ಇದರ ಜಾತಿಯದೇ ಒಂದು ನಮ್ಮ ಕಡೆ ಹುಲ್ಲಿನ ಬೇಣಗಳಲ್ಲೂ ಮಳೆಗಾಲದ ಕೊನೆಗೆ ಬರುತ್ತದೆ. ದನ ಕಾಯುವಾಗ ತುಳಿದುಕೊಂಡೇ ಹೋಗಿದ್ದೆನೋ ಏನೋ.

ಪಕ್ಕದ ಮನೆ ಅಜ್ಜಿ ಈಗಲೂ ಇಂಥ ನೆಲವನ್ನೇ ಇಟ್ಟಿಗೆ ಹಾಗೆ ಕಡಿದು, ಬೆರಣಿಯ ಹಾಗೆ ಒಣಗಿಸಿ ಚಳಿಗೆ ಉರಿಸುತ್ತಾರೆ. ನಾನೂ ಎತ್ತಿಡಲು ಹೋಗಿ ಮಂಡಿವರೆಗೆ ಹೂತುಕೊಂಡೆ. ಅಜ್ಜಿ ಮೊದಲು ಹೊಟ್ಟೆ ತುಂಬಾ ನಕ್ಕರು, ಆಮೇಲೆ ಎಳೆದರು.

ಆಯಿ, ಶೂ ಇನ್ನೂ ಒಣಗಿಲ್ಲ, ಬೈಯಬೇಡ. ಅಪ್ಪ, ಈ ಸಲ ಕೊಳೆರೋಗಕ್ಕೆ ಮದ್ದು ಹೊಡೆದಾಯ್ತಾ?

ನಿಮ್ಮ ಮಗ