ಆ ವಿಡಿಯೋ ವಿಷ್ಯಕ್ಕೆ, ಎಲ್ರೂ ಓದಿ

ಎಲ್ರಿಗೂ ನಮಸ್ಕಾರ. ನಿನ್ನೆ ರಾತ್ರಿ ನಮ್ ಗ್ರೂಪಿಗೆ ಬಂದ ಆ ವಿಡಿಯೋ ಡಿಲೀಟ್ ಮಾಡಿದೀನಿ, ಸಿಗ್ನಲ್ಲಲ್ಲಿ ಒಬ್ರು ಮಂಗಳಮುಖಿನ ಅಣಕಿಸಿ ತೆಗ್ದಿದ್ದು, ಕೆಳಗೆ ಸಾಲಾಗಿ ನಗೋ ಇಮೋಜಿ, ನೋಡಿ ಹೊಟ್ಟೆ ಕಿವುಚಿದ ಹಾಗಾಯ್ತು.

"ದುಡ್ಕೊಂಡ್ ತಿನ್ನೋಕೇನು" ಅಂತ ಬರ್ದಿದ್ರಲ್ಲ, ಕೆಲ್ಸ ಕೊಡೋರ್ಯಾರು ಹೇಳಿ? ಕೆಲ್ಸ ಇದ್ರೂ ಮನೆ ಸಿಗಲ್ಲ. ಹೋದ್ ತಿಂಗ್ಳು ನನ್ ಜೊತೆ ಕೆಲ್ಸ ಮಾಡೋ ಒಬ್ರು ಮಂಗಳಮುಖಿಗೆ ಬಾಡಿಗೆ ಮನೆ ನೋಡೋಕೆ ಹೋಗಿದ್ವಿ, ಫೋನಲ್ಲಿ ಬನ್ನಿ ಬನ್ನಿ ಅಂದ ಓನರಮ್ಮ ಗೇಟ್ ಹತ್ರ ಇವ್ರನ್ನ ನೋಡಿದ್ದೇ ತಡ "ಈಗ್ತಾನೆ ಬೇರೆಯೋರು ಅಡ್ವಾನ್ಸ್ ಕೊಟ್ರು" ಅಂದ್ಬಿಟ್ರು, ಟು-ಲೆಟ್ ಬೋರ್ಡ್ ಅವ್ರ ತಲೆ ಮೇಲೇ ನೇತಾಡ್ತಿತ್ತು. ಇವ್ರು ಏನೂ ಮಾತಾಡ್ದೆ ಸೆರಗು ಸರಿ ಮಾಡ್ಕೊಂಡು ಆಟೋ ಕಡೆ ನಡೆದ್ರು.

2014ರಲ್ಲೇ ಸುಪ್ರೀಂ ಕೋರ್ಟು ತೃತೀಯ ಲಿಂಗ ಅಂತ ಗುರುತಿಸ್ತು, 2018ರ ಸೆಪ್ಟೆಂಬರ್ 6ಕ್ಕೆ ಒಪ್ಪಿಗೆ ಇರೋ ವಯಸ್ಕರ ಸಲಿಂಗ ಸಂಬಂಧ ಅಪರಾಧ ಅಲ್ಲ ಅಂತು, 2021ರಲ್ಲಿ ನಮ್ ರಾಜ್ಯ ಸರ್ಕಾರಿ ನೇಮಕಾತೀಲಿ ಟ್ರಾನ್ಸ್‌ಜೆಂಡರ್ ಜನಕ್ಕೆ 1 ಪರ್ಸೆಂಟ್ ಮೀಸಲಾತಿನೂ ತಂತು. ಅದೇ ವರ್ಷ ಟ್ರಾನ್ಸ್‌ಜೆಂಡರ್ ಜಾನಪದ ಕಲಾವಿದೆ ಮಂಜಮ್ಮ ಜೋಗತಿ ಪದ್ಮಶ್ರೀ ತಗೊಳ್ಳೋವಾಗ ಸೆರಗಿಂದ ರಾಷ್ಟ್ರಪತಿಗೆ ದೃಷ್ಟಿ ತೆಗೆದ್ರಲ್ಲ, ಅವತ್ತು ಈ ಗ್ರೂಪಲ್ಲಿ ಅರ್ಧ ಜನ ಅದನ್ನೇ ಸ್ಟೇಟಸ್ ಹಾಕಿದ್ರಿ, ನಂಗೆ ಚೆನ್ನಾಗಿ ನೆನಪಿದೆ.

ಇನ್ಮೇಲೆ ಇಂಥದ್ದು ಹಾಕ್ಬೇಡಿ ದಯವಿಟ್ಟು. ಮನೇಲೂ ಹೇಳ್ಕೊಳ್ಳೋಕಾಗದೆ ಒಳಗೊಳಗೇ ನೋಯ್ತಿರೋರು ನಮ್ ಗ್ರೂಪಲ್ಲೇ ಇರ್ಬಹುದು, ಅವ್ರೂ ಆ ಇಮೋಜಿ ನೋಡಿರ್ತಾರೆ. ಆಮೇಲೆ, ಯಾರಿಗಾದ್ರೂ ಖಾಲಿ ರೂಮ್ ಗೊತ್ತಿದ್ರೆ ನಂಗೆ ಪರ್ಸನಲ್ ಮೆಸೇಜ್ ಮಾಡಿ, ನನ್ ಜೊತೆ ಕೆಲ್ಸ ಮಾಡೋ ಅವ್ರಿಗಿನ್ನೂ ಮನೆ ಸಿಕ್ಕಿಲ್ಲ.