ಪಾರ್ಲರ್‌ಗೆ ಲೈಸೆನ್ಸ್ ಇದೆ, ಗ್ರಾಹಕಿಯ ಚರ್ಮಕ್ಕೆ ವಿಮೆ ಎಲ್ಲಿದೆ?

ಮಾನ್ಯ ಸಂಪಾದಕರೇ,

ಮಾರ್ಚ್ ಹತ್ತಿರವಾದಂತೆ ಉದ್ದಿಮೆ ಪರವಾನಗಿ ನವೀಕರಿಸಿಕೊಳ್ಳಿ ಎಂದು ಪಾಲಿಕೆ, ನಗರಸಭೆಗಳು ಪ್ರಕಟಣೆ ಹೊರಡಿಸುತ್ತವೆ. ಮನೆಯ ಮುಂಗೋಣೆಯಲ್ಲಿ ಪಾರ್ಲರ್ ನಡೆಸುವವರಿಗೆ, ಮದುವೆ ಮನೆಗಳಿಗೆ ಹೋಗಿ ಮೇಕಪ್ ಮಾಡುವವರಿಗೆ ಅದು ತಮಗೂ ಅನ್ವಯಿಸುತ್ತದೆಯೇ ಎಂಬ ಅನುಮಾನ. ಇನ್ನು ಕೆಲವರು ಗೋಡೆಗೆ ನಾಲ್ಕು ಸರ್ಟಿಫಿಕೇಟ್ ತೂಗುಹಾಕಿ ನಿಶ್ಚಿಂತರಾಗಿರುತ್ತಾರೆ. ಹೇರ್ ಡೈ ಹಚ್ಚಿಸಿಕೊಂಡು ಮುಖ ಊದಿದ ಗ್ರಾಹಕಿಯ ಆಸ್ಪತ್ರೆ ಬಿಲ್ಲಿಗೆ ಆ ನಾಲ್ಕೂ ಕಾಗದ ಸೇರಿ ಒಂದು ರೂಪಾಯಿ ಕೊಡುವುದಿಲ್ಲ.

ಮೊದಲು ತಿಳಿಯಬೇಕಾದದ್ದು: ಬ್ಯೂಟಿಷಿಯನ್ ಆಗಲು ನಮ್ಮಲ್ಲಿ ಕಾನೂನಿನ ಲೈಸೆನ್ಸ್ ಎಂಬುದೇ ಇಲ್ಲ. ಅಮೆರಿಕದ ರಾಜ್ಯಗಳಲ್ಲಿ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆಯದೆ ಕತ್ತರಿ ಹಿಡಿಯುವಂತಿಲ್ಲ. ಇಲ್ಲಿ ಐಟಿಐನ ಒಂದು ವರ್ಷದ ಕಾಸ್ಮೆಟಾಲಜಿ ಕೋರ್ಸ್, ಬ್ಯೂಟಿ ಅಂಡ್ ವೆಲ್‌ನೆಸ್ ಕೌಶಲ ಮಂಡಳಿಯ ಪ್ರಮಾಣಪತ್ರ ಇವೆಲ್ಲ ಕಲಿಕೆಗೆ ಪುರಾವೆಯೇ ಹೊರತು ಅನುಮತಿಯಲ್ಲ. ನಾವು ಲೈಸೆನ್ಸ್ ಎನ್ನುವುದು ಜಾಗಕ್ಕೆ ಸಿಕ್ಕಿದ್ದು, ಕೈಗಲ್ಲ.

ಆ ಜಾಗದ ಕಾಗದಗಳಿಗೂ ಒಂದೊಂದಕ್ಕೆ ಒಂದೊಂದು ಆಯುಸ್ಸು. ಒಂದು ವರ್ಷದ ಉದ್ದಿಮೆ ಪರವಾನಗಿಯನ್ನು ಡಿಸೆಂಬರ್‌ನಲ್ಲಿ ಪಡೆದರೂ ಅದು ಸಾಮಾನ್ಯವಾಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಕೆಲಸ ಶುರುವಾದ 30 ದಿನದೊಳಗೆ ಕಾರ್ಮಿಕ ಇಲಾಖೆಯಲ್ಲಿ ನೋಂದಣಿ ಆಗಬೇಕು, ಅದಕ್ಕೆ 5 ವರ್ಷ. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿಗೆ ನವೀಕರಣವೇ ಇಲ್ಲ, ಶುಲ್ಕವೂ ಇಲ್ಲ. ಆಧಾರ್, ಪ್ಯಾನ್ ಇದ್ದರೆ ಸರ್ಕಾರಿ ಜಾಲತಾಣದಲ್ಲಿ ನಾವೇ ಮಾಡಿಕೊಳ್ಳಬಹುದು, ಅರ್ಜಿಯಲ್ಲಿ ತುಂಬಬೇಕಾದ ಚಟುವಟಿಕೆಯ ಸಂಕೇತ 96020. ಹಣ ಕೇಳುವ ಜಾಲತಾಣ ಸರ್ಕಾರದ್ದಲ್ಲ. ಜಿಎಸ್‌ಟಿ ವರ್ಷದ ವಹಿವಾಟು 20 ಲಕ್ಷ ರೂ. ದಾಟುವವರೆಗೆ ಬೇಡ. ಆದರೆ ಮನೆಖರ್ಚಿನ ಯುಪಿಐ, ಪಾರ್ಲರ್‌ನ ಯುಪಿಐ ಒಂದೇ ಖಾತೆಗೆ ಬರುತ್ತಿದ್ದರೆ ಬೇರೆ ಮಾಡಿಕೊಳ್ಳುವುದು ಲೇಸು. 2025ರಲ್ಲಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಲೆಕ್ಕ ಹಿಡಿದು ಬಂದ ತೆರಿಗೆ ನೋಟಿಸುಗಳನ್ನು ಯಾರೂ ಮರೆತಿಲ್ಲ.

ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಹೆಸರಿನಲ್ಲಿ. ಆಧಾರ್‌ನಲ್ಲಿ ಇನಿಷಿಯಲ್, ಪ್ಯಾನ್‌ನಲ್ಲಿ ಗಂಡನ ಪೂರ್ತಿ ಹೆಸರು, ಕರೆಂಟ್ ಬಿಲ್ ಮಾವನವರ ಹೆಸರಿನಲ್ಲಿ. ಬಾಡಿಗೆ ಕರಾರಿನಲ್ಲಿ ‘ವಾಸಕ್ಕೆ ಮಾತ್ರ’ ಎಂದಿದ್ದರೆ ಅದನ್ನು ತಿದ್ದಿಸಿ, ಮಾಲೀಕರ ಒಪ್ಪಿಗೆ ಪತ್ರ ಪಡೆಯಿರಿ. ಗೃಹ ಬಳಕೆಯ ಮೀಟರ್‌ನಲ್ಲಿ ಸ್ಟೀಮರ್, ಡ್ರೈಯರ್, ವ್ಯಾಕ್ಸ್ ಹೀಟರ್ ಓಡಿಸಿದರೆ ವಿದ್ಯುತ್ ಕಾಯ್ದೆಯ 126ನೇ ಕಲಮಿನಡಿ ಎರಡು ಪಟ್ಟು ದರ ಬೀಳಬಹುದು. ಶಾರ್ಟ್ ಸರ್ಕ್ಯೂಟ್‌ನಿಂದ ಬೆಂಕಿ ಬಿದ್ದ ದಿನ ವಿಮೆಯ ಸರ್ವೇಯರ್ ಕೇಳುವುದೂ ಇದೇ ಬಿಲ್ಲನ್ನು.

ಇನ್ನು ವಿಮೆ. ಮನೆಗೆ ಮಾಡಿಸಿದ ಗೃಹ ವಿಮೆ ಪಾರ್ಲರ್‌ನ ಕುರ್ಚಿಗೂ ಸ್ಟಾಕಿಗೂ ಅನ್ವಯಿಸುವುದಿಲ್ಲ. ಅದಕ್ಕೆ ಅಂಗಡಿದಾರರ ಪ್ಯಾಕೇಜ್ ಪಾಲಿಸಿ ಬೇಕು, ಇಲ್ಲವೇ ಬೆಂಕಿ, ನೆರೆಯಂಥ ನಷ್ಟಕ್ಕಷ್ಟೇ ಸಾಕೆಂದರೆ 5 ಕೋಟಿ ರೂ.ವರೆಗಿನ ಆಸ್ತಿಗೆ ಇರುವ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’. ಪ್ರೀಮಿಯಂ ಉಳಿಸಲು ಮೊತ್ತ ಇಳಿಸುವುದು ನಮ್ಮವರ ದೊಡ್ಡ ತಪ್ಪು. 4 ಲಕ್ಷದ ಸಾಮಾನಿಗೆ 2 ಲಕ್ಷದ ವಿಮೆ ಮಾಡಿಸಿ, 1 ಲಕ್ಷದ ಸಾಮಾನು ಸುಟ್ಟರೆ ಕೈಗೆ ಬರುವುದು 50 ಸಾವಿರ, ಅರ್ಧ ಬೆಲೆಗೆ ವಿಮೆ ಇದ್ದರೆ ನಷ್ಟಕ್ಕೂ ಅರ್ಧವೇ. ಸೂಕ್ಷ್ಮ ಉದ್ಯಮ ಪಾಲಿಸಿಯಲ್ಲಿ ಶೇ 15ರವರೆಗಿನ ಕೊರತೆಗೆ ಮಾಫಿ ಉಂಟು, ಅದರಾಚೆ ಕಡಿತ. ಮದುವೆ ಸೀಸನ್ನಿಗೆ ಮುಂಚೆ ಸ್ಟಾಕ್ ಎರಡರಷ್ಟಾಗುತ್ತದೆ, ಮೊತ್ತ ನಿಗದಿ ಮಾಡುವಾಗ ಆ ತಿಂಗಳನ್ನೇ ಲೆಕ್ಕಕ್ಕೆ ಹಿಡಿಯಿರಿ. ಪ್ಯಾಕೇಜ್ ಪಾಲಿಸಿಯ ಕಳವಿನ ವಿಭಾಗಕ್ಕೆ ಸಾಮಾನ್ಯವಾಗಿ ಬೀಗ ಒಡೆದ ಗುರುತು ಬೇಕು. ಕಲ್ಯಾಣ ಮಂಟಪದ ವಧುವಿನ ಕೋಣೆಯಿಂದ 60 ಸಾವಿರದ ಮೇಕಪ್ ಕಿಟ್ ಮಾಯವಾದರೆ ಈ ಪಾಲಿಸಿ ಕೈಯೆತ್ತುತ್ತದೆ, ಏಕೆಂದರೆ ಅದರಲ್ಲಿ ಬರೆದಿರುವುದು ಪಾರ್ಲರ್‌ನ ವಿಳಾಸ. ಹೊರಗೆ ಒಯ್ಯುವ ಕಿಟ್ಟಿಗೆ ‘ಆಲ್ ರಿಸ್ಕ್’ ವಿಭಾಗವನ್ನು ಕೇಳಿ ಸೇರಿಸಿಕೊಳ್ಳಬೇಕು.

ನಿಜವಾದ ಕೊರತೆ ಇದರ ಮುಂದಿದೆ. ಪ್ಯಾಕೇಜ್ ಪಾಲಿಸಿಯ ‘ಪಬ್ಲಿಕ್ ಲಯಬಿಲಿಟಿ’ ವಿಭಾಗ ನೋಡಿ ಗ್ರಾಹಕಿಗೂ ರಕ್ಷಣೆ ಇದೆ ಎಂದುಕೊಳ್ಳುತ್ತೇವೆ. ಒದ್ದೆ ನೆಲದಲ್ಲಿ ಜಾರಿ ಬಿದ್ದರೆ ಸರಿ. ಫೇಶಿಯಲ್‌ನಿಂದ ಸುಟ್ಟರೆ, ವ್ಯಾಕ್ಸ್‌ನಲ್ಲಿ ಚರ್ಮ ಕಿತ್ತುಬಂದರೆ, ಡೈಯಿಂದ ಕಣ್ಣು ಊದಿದರೆ ಅದು ‘ಟ್ರೀಟ್‌ಮೆಂಟ್ ರಿಸ್ಕ್’. ಬಹಳಷ್ಟು ಪಾಲಿಸಿಗಳು ಅದನ್ನು ಹೊರಗಿಟ್ಟಿರುತ್ತವೆ. ವೃತ್ತಿ ಹೊಣೆಯ ವಿಮೆ, ಅಂದರೆ ಪ್ರೊಫೆಷನಲ್ ಇಂಡೆಮ್ನಿಟಿ, ಇಲ್ಲಿ ಹೆಚ್ಚಾಗಿ ಮಾರಾಟವಾಗುವುದು ವೈದ್ಯರು, ಎಂಜಿನಿಯರ್, ಲೆಕ್ಕಪರಿಶೋಧಕರಿಗೆ. ಬ್ರಿಟನ್ನಿನಲ್ಲಿ ಒಂಟಿ ಬ್ಯೂಟಿಷಿಯನ್ ಕೂಡ ಟ್ರೀಟ್‌ಮೆಂಟ್‌ಗಳ ಪಟ್ಟಿ ಕೊಟ್ಟು ಇಂಥ ಪಾಲಿಸಿ ಕೊಳ್ಳುತ್ತಾಳೆ. ಇಲ್ಲಿ ಏಜೆಂಟರಿಗೆ ಮೊದಲು ಅದರ ಅರ್ಥ ಬಿಡಿಸಿ ಹೇಳಬೇಕು.

ಏಜೆಂಟರ ಬಾಯಿಮಾತು ಬೇಡ, ಉತ್ತರ ಬರಹದಲ್ಲಿರಲಿ. ಟ್ರೀಟ್‌ಮೆಂಟ್‌ನಿಂದ ಆದ ಗಾಯ ಸೇರಿದೆಯೇ? ಗ್ರಾಹಕಿಯ ಮನೆಯಲ್ಲಿ, ಮಂಟಪದಲ್ಲಿ ಮಾಡಿದ ಕೆಲಸಕ್ಕೂ ಅನ್ವಯವೇ? ಸಹಾಯಕಿ ಮಾಡಿದ ತಪ್ಪಿಗೆ? ಒಂದು ಘಟನೆಗೆ ಎಷ್ಟು, ವರ್ಷಕ್ಕೆ ಎಷ್ಟು, ನಮ್ಮ ಕೈಯಿಂದ ಮೊದಲು ಎಷ್ಟು ಹೋಗಬೇಕು? ವೃತ್ತಿ ಹೊಣೆಯ ವಿಮೆಗಳು ಬಹುತೇಕ ‘ಕ್ಲೇಮ್ಸ್ ಮೇಡ್’ ಪಾಲಿಸಿಗಳು: ದೂರು ಬಂದ ದಿನ ಪಾಲಿಸಿ ಚಾಲ್ತಿಯಲ್ಲಿರಬೇಕು. ಒಂದು ವರ್ಷ ನವೀಕರಿಸದೆ ಬಿಟ್ಟರೆ ಹಿಂದೆ ಕಟ್ಟಿದ ಪ್ರೀಮಿಯಂ ನೀರಿನಲ್ಲಿ ಹೋಮ.

ಪಾಲಿಸಿ ಇದ್ದೂ ಹಣ ಬಾರದಿರುವುದು ದಾಖಲೆ ಇಲ್ಲದ್ದಕ್ಕೆ. ಹೇರ್ ಡೈಯನ್ನೇ ನೋಡಿ. ಪಿಪಿಡಿ ಎಂಬ ಬಣ್ಣದ ರಾಸಾಯನಿಕ ಇರುವ ಡೈಯ ಡಬ್ಬಿಯ ಮೇಲೆ ಮೊದಲು ಚರ್ಮದ ಮೇಲೆ ಪರೀಕ್ಷಿಸಬೇಕು, ಹುಬ್ಬು ರೆಪ್ಪೆಗೆ ಹಚ್ಚಬಾರದು, ಹಚ್ಚಿದರೆ ದೃಷ್ಟಿ ಹೋಗಬಹುದು ಎಂದು ಮುದ್ರಿಸಬೇಕೆಂಬುದು ಕಾನೂನು. ಆದರೂ ಹುಬ್ಬಿಗೆ ಡೈ ಹಚ್ಚುವ ಪಾರ್ಲರ್‌ಗಳಿಗೆ ಕೊರತೆಯಿಲ್ಲ. ತಯಾರಕರ ಸೂಚನೆ ಮೀರಿದ್ದೀರಿ ಎನ್ನಲು ವಿಮಾ ಕಂಪನಿಗೆ ಅಷ್ಟು ಸಾಕು. ಕಿವಿಯ ಹಿಂದೆ ಸ್ವಲ್ಪ ಹಚ್ಚಿ ಡಬ್ಬಿಯ ಸೂಚನೆಯಂತೆ 24ರಿಂದ 48 ಗಂಟೆ ಕಾಯಬೇಕು, ಇದೇ ಪ್ಯಾಚ್ ಟೆಸ್ಟ್. ‘ಹತ್ತು ಸಲ ಹಚ್ಚಿಸಿಕೊಂಡಿದ್ದೇನೆ, ಏನೂ ಆಗಿಲ್ಲ’ ಎಂಬ ಮಾತು ನಂಬುವಂಥದ್ದಲ್ಲ, ಈ ಅಲರ್ಜಿ ಬೆಳೆಯುವುದೇ ಮತ್ತೆ ಮತ್ತೆ ಹಚ್ಚಿದ್ದರಿಂದ. ಕಪ್ಪು ಮೆಹಂದಿಯಲ್ಲೂ ಪಿಪಿಡಿ ಬೆರೆಸಿರುವುದುಂಟು.

ಪ್ರತಿ ಗ್ರಾಹಕಿಗೆ ಒಂದು ಕಾರ್ಡ್ ಇಡಿ. ದಿನಾಂಕ, ಅಲರ್ಜಿ, ಗರ್ಭಿಣಿಯೇ, ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ಅಥವಾ ರೆಟಿನಾಲ್ ಕ್ರೀಮ್ ಬಳಸುತ್ತಿದ್ದಾರೆಯೇ (ಇವುಗಳಿಂದ ತೆಳುವಾದ ಚರ್ಮ ವ್ಯಾಕ್ಸ್ ಪಟ್ಟಿಯ ಜೊತೆ ಎದ್ದುಬರುತ್ತದೆ), ಪ್ಯಾಚ್ ಟೆಸ್ಟ್ ಮಾಡಿದ ಸಮಯ, ಉತ್ಪನ್ನದ ಹೆಸರು, ಬ್ಯಾಚ್ ಸಂಖ್ಯೆ, ಡೈಗೆ ಬೆರೆಸುವ ಡೆವಲಪರ್‌ನ ಶಕ್ತಿ 20 ವಾಲ್ಯೂಮೋ 30ಓ, ಎಷ್ಟು ನಿಮಿಷ ಬಿಟ್ಟಿರಿ, ಕೊನೆಗೆ ಸಹಿ. ಗ್ರಾಹಕ ಆಯೋಗಕ್ಕೆ ದೂರು ಕೊಡಲು 2 ವರ್ಷ ಅವಕಾಶವಿರುವುದರಿಂದ ಕಾರ್ಡನ್ನು ಅದಕ್ಕಿಂತ ಮೊದಲು ಎಸೆಯಬಾರದು. ದೆಹಲಿಯ ಹೋಟೆಲೊಂದರ ಸಲೂನಿನಲ್ಲಿ ಕೂದಲು ತಪ್ಪಾಗಿ ಕತ್ತರಿಸಿದ್ದಕ್ಕೆ ರಾಷ್ಟ್ರೀಯ ಗ್ರಾಹಕ ಆಯೋಗ 2021ರಲ್ಲಿ 2 ಕೋಟಿ ರೂ. ಪರಿಹಾರ ಕೊಡಿಸಿತ್ತು. 2023ರಲ್ಲಿ ಸುಪ್ರೀಂ ಕೋರ್ಟ್ ಆ ಮೊತ್ತವನ್ನು ರದ್ದುಪಡಿಸಿ, ನಷ್ಟಕ್ಕೆ ಪುರಾವೆ ನೋಡಿ ಮತ್ತೆ ತೀರ್ಮಾನಿಸಿ ಎಂದು ಹಿಂದಕ್ಕೆ ಕಳಿಸಿತು. ವಾದ ನಡೆಯುವುದೆಲ್ಲ ದಾಖಲೆಯ ಮೇಲೆ.

ಅವಘಡವಾದರೆ ಗ್ರಾಹಕಿಯನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ, ಡಬ್ಬಿ ಎತ್ತಿಡಿ, ಅಂದೇ ವಿಮಾ ಕಂಪನಿಗೆ ಬರೆದು ತಿಳಿಸಿ. ವಾಟ್ಸ್‌ಆ್ಯಪ್‌ನಲ್ಲಿ ‘ನಮ್ಮದೇ ತಪ್ಪು, 5 ಸಾವಿರ ಕೊಡುತ್ತೇವೆ’ ಎಂದು ಬರೆದುಬಿಟ್ಟರೆ ಪಾಲಿಸಿಯ ಷರತ್ತು ಮುರಿದಂತೆ, ಕಂಪನಿಯ ಒಪ್ಪಿಗೆಯಿಲ್ಲದೆ ಹೊಣೆ ಒಪ್ಪಿಕೊಳ್ಳುವಂತಿಲ್ಲ. ಕ್ಲೇಮ್ ತಿರಸ್ಕರಿಸಿದರೆ, ಇಲ್ಲವೇ ದೂರಿಗೆ 30 ದಿನ ಉತ್ತರವೇ ಬಾರದಿದ್ದರೆ, ವಿಮೆಯ ದೂರುಗಳನ್ನು ವಿಚಾರಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ಹೋಗಬಹುದು. ಸೂಕ್ಷ್ಮ ಉದ್ಯಮಗಳ ದೂರನ್ನೂ ಅಲ್ಲಿ ತೆಗೆದುಕೊಳ್ಳುತ್ತಾರೆ, ಉದ್ಯಮ್ ಪತ್ರ ಉಪಯೋಗಕ್ಕೆ ಬರುವುದು ಇಲ್ಲಿ. ಬೊಟಾಕ್ಸ್, ಫಿಲ್ಲರ್ ಚುಚ್ಚುವುದು ಮಾತ್ರ ವೈದ್ಯರ ಕೆಲಸ. ಎರಡು ದಿನದ ವರ್ಕ್‌ಶಾಪಿನ ಸರ್ಟಿಫಿಕೇಟ್ ನಂಬಿ ಸೂಜಿ ಹಿಡಿದವರನ್ನು ಯಾವ ಪಾಲಿಸಿಯೂ ಕಾಯುವುದಿಲ್ಲ.

ನಮ್ಮ ಸ್ವಂತ ಜೀವಕ್ಕೆ ವರ್ಷಕ್ಕೆ 20 ರೂ.ನ ಅಪಘಾತ ವಿಮೆ ಸುರಕ್ಷಾ ಬಿಮಾ, 436 ರೂ.ನ ಜೀವನ ಜ್ಯೋತಿ ಬಿಮಾ ಇವೆ. ಎರಡೂ ಜೂನ್ 1ರಿಂದ ಮೇ 31ರವರೆಗೆ, ಮೇ ಕೊನೆಗೆ ಖಾತೆಯಲ್ಲಿ ಹಣವಿಲ್ಲದಿದ್ದರೆ ನಿಂತುಹೋಗುತ್ತವೆ. ಕುಶಲಕರ್ಮಿಗಳಿಗೆ ನೆರವಾಗುವ ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕ್ಷೌರಿಕರಿದ್ದಾರೆ, ಬ್ಯೂಟಿಷಿಯನ್ ಎಂಬ ಹೆಸರಿಲ್ಲ. ಆ್ಯಪ್ ಮೂಲಕ ಕೆಲಸ ಮಾಡುವವರಿಗೆ ರಾಜ್ಯದ 2025ರ ಗಿಗ್ ಕಾರ್ಮಿಕರ ಕಾಯ್ದೆ ಬಂದಿದೆ, ಪ್ರತಿ ವ್ಯವಹಾರದಲ್ಲಿ ಕಾರ್ಮಿಕರಿಗೆ ಪಾವತಿಸುವ ಮೊತ್ತದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಯೇ ಕಟ್ಟಬೇಕು. ಸ್ವಂತ ಪಾರ್ಲರ್‌ನವರಿಗೆ ಆ ಆಸರೆಯೂ ಇಲ್ಲ.

ಸಾರ್ವಜನಿಕ ವಲಯದ ವಿಮಾ ಕಂಪನಿಗಳು ಟ್ರೀಟ್‌ಮೆಂಟ್ ರಿಸ್ಕ್ ಸೇರಿದ ಸಣ್ಣ ಪಾಲಿಸಿಯೊಂದನ್ನು ರೂಪಿಸಲಿ, ಅದರ ಪ್ರಸ್ತಾವ ಅರ್ಜಿ ಕನ್ನಡದಲ್ಲಿರಲಿ. ಉದ್ದಿಮೆ ಪರವಾನಗಿ ಕೊಡುವ ಕೌಂಟರ್‌ನಲ್ಲೇ ಆ ಅರ್ಜಿ ಸಿಗುವಂತೆ ಪಾಲಿಕೆಗಳು ಏರ್ಪಾಡು ಮಾಡಲಿ.

– ಬ್ಯೂಟಿಷಿಯನ್ ತರಬೇತುದಾರರು ಮತ್ತು ಪಾರ್ಲರ್ ನಡೆಸುವವರು, ದಾವಣಗೆರೆ